ಭಾಷಾವಿಚಾರ: ಹಾಬೆನ್, ಝೈನ್

ದಾದಿಯ ಕೆಲಸಕ್ಕೆಂದು ಜರ್ಮನಿಗೆ ಹೊರಟಿರುವ ಮಗಳ ಪಾಠಪುಸ್ತಕವನ್ನು ತಿರುವಿ ನೋಡಿದ ವಾಚಕರೊಬ್ಬರು, ನಡೆದ ಸಂಗತಿಯನ್ನು ಹೇಳುವುದಕ್ಕೆ ಆ ಭಾಷೆಯಲ್ಲಿ ಎರಡು ಸಹಾಯಕ ಕ್ರಿಯಾಪದಗಳೇಕೆಂದು ಕೇಳಿದ್ದಾರೆ. ಪ್ರಶ್ನೆಯು ಚಿಕ್ಕದಾದರೂ ವಿಚಾರಕ್ಕೆ ಅರ್ಹವಾದುದು.

ಹಾಬೆನ್ ಎಂದರೆ ‘ಉಳ್ಳವನಾಗಿರು’. ಝೈನ್ ಎಂದರೆ ‘ಇರು’. ಇಂಗ್ಲಿಷಿನ ಅಭ್ಯಾಸವುಳ್ಳವರು ಎಲ್ಲ ಕಡೆಯಲ್ಲಿಯೂ ಹಾಬೆನ್ ಹಚ್ಚುವರು. ಈಗಿನ ಇಂಗ್ಲಿಷಿಗೆ ‘ಹ್ಯಾವ್’ ಒಂದೇ ಸಾಕಷ್ಟೆ. ಕನ್ನಡದಲ್ಲಿ ಆಲೋಚಿಸುವವರಾದರೋ ಝೈನ್ ಕಡೆಗೆ ವಾಲುವರು; ‘ಬಂದಿದ್ದೇನೆ’, ‘ಉಂಡಿದ್ದೇನೆ’ ಎರಡರಲ್ಲಿಯೂ ನಮಗೆ ‘ಇರು’ ಧಾತುವೇ ಇದೆ. ‘ಇಷ್ ಬಿನ್ ಗೆಕೊಮ್ಮೆನ್’, ಬಂದಿದ್ದೇನೆ, ಎಂಬುದು ಸರಿಯೇ. ಅದೇ ಜಾಡಿನಲ್ಲಿ ‘ಇಷ್ ಬಿನ್ ಗೆಗೆಸ್ಸೆನ್’ ಎಂದರೆ ಉಂಡವನು ತಾನೇ ಅನ್ನವಾಗಿಬಿಡುವನು! ಅಲ್ಲಿ ‘ಇಷ್ ಹಾಬೆ ಗೆಗೆಸ್ಸೆನ್’ ಎನ್ನತಕ್ಕದ್ದು.

ಸಂಸ್ಕೃತವನ್ನು ಬಲ್ಲವರಿಗೆ ಇದರ ಮರ್ಮವು ಹೊಸತಲ್ಲ. ‘ಭುಕ್ತ’ವಾದುದು ಅನ್ನ, ‘ಗತ’ನಾದವನು ಹೋದ ಮನುಷ್ಯನೇ. ಕ್ತಪ್ರತ್ಯಯವು ಸಕರ್ಮಕ ಧಾತುಗಳಲ್ಲಿ ಸಾಮಾನ್ಯವಾಗಿ ಕರ್ಮವನ್ನು ಹೇಳುವುದು. ಗತ್ಯರ್ಥಕ ಮತ್ತು ಅಕರ್ಮಕ ಧಾತುಗಳಲ್ಲಿ ಕರ್ತೃವನ್ನೂ ಹೇಳಬಹುದೆಂದು ಪಾಣಿನಿಯು ಅಷ್ಟಾಧ್ಯಾಯಿಯ 3ನೆಯ ಅಧ್ಯಾಯದ 4ನೆಯ ಪಾದದಲ್ಲಿ ವಿಧಿಸಿದ್ದಾನೆ. ಜರ್ಮನ್ ಕೃದಂತವೂ ಮೂಲದಲ್ಲಿ ಇಂತಹ ವಿಶೇಷಣವೇ. ‘ಪತ್ರವನ್ನು ಬರೆಯಲ್ಪಟ್ಟುದಾಗಿ ಉಳ್ಳವನಾಗಿದ್ದೇನೆ’ ಎಂಬ ಭಾವದಿಂದ ಹಾಬೆನ್ ಪ್ರಯೋಗವೂ ‘ಹೋದವನಾಗಿದ್ದೇನೆ’ ಎಂಬ ಭಾವದಿಂದ ಝೈನ್ ಪ್ರಯೋಗವೂ ಹುಟ್ಟಿದುವು.

ಆದರೆ ಕ್ರಿಯೆಯು ಅಕರ್ಮಕವಾದ ಮಾತ್ರಕ್ಕೆ ಝೈನ್ ಬಾರದು. ಕರ್ತೃವಿನ ಸ್ಥಾನವಾಗಲಿ ಅವಸ್ಥೆಯಾಗಲಿ ಬದಲಾಗಬೇಕು. (‘ಇರು’ ಎಂಬ ಝೈನ್, ‘ಉಳಿ’ ಎಂಬ ಬ್ಲೈಬೆನ್ ಇವೆರಡು ಬದಲಾವಣೆಯಿಲ್ಲದೆಯೂ ಝೈನನ್ನೇ ಬಯಸುವುವು, ಇವನ್ನು ಕಂಠಪಾಠ ಮಾಡುವುದೇ ಸರಿ.) ಉಪಸರ್ಗದ ಮಹಿಮೆಯು ಅಲ್ಲಿಯೂ ನಮ್ಮಲ್ಲಿದ್ದಂತೆಯೇ. ಕೊಮ್ಮೆನ್, ‘ಬಾ’, ಎಂಬುದಕ್ಕೆ ಝೈನ್. ಅದೇ ಬೆಕೊಮ್ಮೆನ್, ‘ಪಡೆ’, ಎಂದಾಗಿ ಸಕರ್ಮಕವಾದೊಡನೆ ಹಾಬೆನ್. ರೋಗಿಯು ನಿದ್ರಿಸಿದ್ದಾನೆಂದರೆ ‘ಹಾಟ್ ಗೆಶ್ಲಾಫೆನ್’. ಅವನಿಗೆ ನಿದ್ರೆ ಹತ್ತಿತೆಂದರೆ, ಅವಸ್ಥೆಯು ಬದಲಾದುದರಿಂದ, ‘ಇಸ್ಟ್ ಐನ್‌ಗೆಶ್ಲಾಫೆನ್’. ಉಪಸರ್ಗ ತಪ್ಪಿ ‘ಇಸ್ಟ್ ಎಂಟ್‌ಶ್ಲಾಫೆನ್’ ಎಂದರೋ, ಚಿರನಿದ್ರೆಗೆ ಸಂದನೆಂದೇ ಅರ್ಥ! ರಾತ್ರಿಯ ಪಾಳಿಯನ್ನು ಮುಗಿಸಿ ಮುಂದಿನವರಿಗೆ ರೋಗಿಗಳನ್ನು ಒಪ್ಪಿಸುವ ದಾದಿಯು ಉಳಿದ ಪಾಠಗಳಿಗಿಂತ ಮೊದಲು ಇದನ್ನು ಅರಿತಿರಬೇಕು.

ನಿಂತಿರು, ಕುಳಿತಿರು, ಮಲಗಿರು ಎಂಬರ್ಥದ ಮೂರು ಧಾತುಗಳಲ್ಲಿ ಜರ್ಮನರಿಗೇ ಏಕಾಭಿಪ್ರಾಯವಿಲ್ಲ. ಉತ್ತರದವರು ಹಾಬೆನ್ ಎನ್ನುವರು. ಬವೇರಿಯ, ಆಸ್ಟ್ರಿಯ, ಸ್ವಿಟ್ಜರ್ಲೆಂಡುಗಳವರು ಝೈನ್ ಎನ್ನುವರು. ಪಾಣಿನಿಯ ಆ ಸೂತ್ರದಲ್ಲಿಯೂ ಸ್ಥಾ, ಆಸ್, ಶೀಙ್ ಧಾತುಗಳೇ ಬೇರೆಯಾಗಿ ಹೆಸರಿಸಲ್ಪಟ್ಟಿರುವುದು ಕೌತುಕವಲ್ಲವೆ? ಅವನ ಕಾರಣವು ಬೇರೆ. ಉಪಸರ್ಗ ಸೇರಿ ಅವು ಸಕರ್ಮಕವಾದಾಗಲೂ ಪ್ರತ್ಯಯವು ಕರ್ತೃವಿನಲ್ಲಿ ಬರಲೆಂದು. ಮಗಳು ಮ್ಯೂನಿಕ್ ಕಡೆಗೆ ಹೋಗುವವಳಾದರೆ ‘ಇಷ್ ಬಿನ್ ಗೆಝೆಸ್ಸೆನ್’, ಕುಳಿತಿದ್ದೆ, ಎಂಬ ಮಾತನ್ನು ಕೇಳಿ ಗಾಬರಿಪಡಬೇಕಾಗಿಲ್ಲ. ಪರೀಕ್ಷೆಯ ಕಾಗದದಲ್ಲಿ ಮಾತ್ರ ಹಾಬೆನ್ ಎಂದೇ ಬರೆಯಲಿ.