ಆಟಿಯ 22ನೇ ತಾರೀಕು: ಗಲ್ಲಾಪೆಟ್ಟಿಗೆ ಖಾಲಿ, ಗಡುವು ಬಾಗಿಲಲ್ಲಿ!

ಜುಲೈ ತಿಂಗಳ ಮೂರನೇ ವಾರ. ಆಟಿಯ ಮಳೆ ಧೋ ಎಂದು ಹೊಯ್ಯುತ್ತಿರುತ್ತದೆ. ಮಲ್ಪೆಯಲ್ಲಿ ಯಾಂತ್ರೀಕೃತ ಬೋಟುಗಳು ಜೂನ್ 1ರಿಂದ ಜುಲೈ 31ರ ತನಕ ದಡ ಬಿಟ್ಟು ಕದಲುವಂತಿಲ್ಲ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಯಕ್ಷಗಾನ ಮೇಳಗಳು ಪತ್ತನಾಜೆಗೇ ಗೆಜ್ಜೆ ಬಿಚ್ಚಿಯಾಗಿದೆ. ಅಂಗಡಿಯವ ಬೆಳಿಗ್ಗೆ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ರಸ್ತೆ ನೋಡುತ್ತ ಕೂರುವ ಕಾಲ ಇದು. ಗಿರಾಕಿ ಬಾರದಿದ್ದರೂ ತಪ್ಪದೆ ಬರುವ ನೆಂಟನೊಬ್ಬನಿದ್ದಾನೆ. ಅವನ ಹೆಸರು 22ನೇ ತಾರೀಕು.

ವರ್ಷಕ್ಕೆ 5 ಕೋಟಿ ರೂ. ತನಕ ವಹಿವಾಟಿದ್ದು, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಪದ್ಧತಿ ಆರಿಸಿಕೊಂಡ ಕರ್ನಾಟಕದ ವರ್ತಕರು ಏಪ್ರಿಲ್-ಜೂನ್ ಅವಧಿಯ ಜಿಎಸ್‌ಟಿ ಲೆಕ್ಕ ಮುಗಿಸಬೇಕಾದ ಕೊನೆಯ ದಿನ ಅದು. ತಿಂಗಳು ತಿಂಗಳು ಹಾಕುವವರಿಗೆ 20. ರಾಜಿ ತೆರಿಗೆಯವರಿಗೆ 18. ಅದಕ್ಕೂ ಮೊದಲು ಮಾರಾಟದ ಬಿಲ್ಲುಗಳ ಪಟ್ಟಿ ಕೊಡಲು ಒಬ್ಬರಿಗೆ 11, ಇನ್ನೊಬ್ಬರಿಗೆ 13.

ಈ ದಿನಗಳಲ್ಲಿ ಉಡುಪಿಯ ಯಾವ ತೆರಿಗೆ ಸಲಹೆಗಾರರ ಕಚೇರಿಗೆ ಹೋದರೂ ಒಂದೇ ಸಂಭಾಷಣೆ.

"ಶೆಟ್ರೆ, ಜೂನ್ ತಿಂಗಳ ಬಿಲ್ಲು ಎಲ್ಲಿ?"

"ಉಂಟು ಮಾರಾಯ್ರೆ, ಮನೆಯಲ್ಲುಂಟು. ನಾಳೆ ತರ್ತೇನೆ."

"ನಾಳೆ ಕೊನೇ ದಿನ ಅಲ್ವಾ?"

"ಮುಂದೆ ಹಾಕ್ತಾರೆ ಅಂತ ಯಾರೋ ಹೇಳಿದ್ರಲ್ಲ?"

ಹೊರಗೆ ಮಳೆ, ಒಳಗೆ ಕರೆಂಟಿಲ್ಲ. ಕರೆಂಟು ಬಂದರೆ ನೆಟ್ ಇಲ್ಲ. ನೆಟ್ ಬಂದರೆ ಒಟಿಪಿ ಹೋಗುವುದು ಶೆಟ್ರ ಮಗನ ಮೊಬೈಲಿಗೆ, ಅವನಿರುವುದು ಬೆಂಗಳೂರಿನಲ್ಲಿ! ನೋಡಿದವರಿಗೆ ನಗು ಬರಬಹುದು. ಆದರೆ ಈ ನಗುವಿಗೆ ದಿನಕ್ಕೆ 50 ರೂಪಾಯಿ ಬೆಲೆಯಿದೆ.

ತೆರಿಗೆ ಮೊದಲು, ದುಡ್ಡು ಆಮೇಲೆ

ಕಾರ್ಕಳ ಕಡೆಯ ಒಂದು ವೆಲ್ಡಿಂಗ್ ಶಾಪಿನ ಉದಾಹರಣೆ ತೆಗೆದುಕೊಳ್ಳಿ. ಮಳೆ ಹಿಡಿಯುವ ಮುಂಚೆ ಟೆರೇಸಿನ ಮೇಲೆ ಶೀಟು ಹಾಕಿಸುವ ಗಡಿಬಿಡಿ ಈ ಭಾಗದಲ್ಲಿ ಎಲ್ಲರಿಗೂ ಇದ್ದದ್ದೇ. ಜೂನ್ ಮೊದಲ ವಾರದಲ್ಲಿ ಒಬ್ಬ ಕಂಟ್ರಾಕ್ಟರನಿಗೆ 2 ಲಕ್ಷ ರೂ. ಕೆಲಸ, ಅದರ ಮೇಲೆ ಶೇ. 18ರಂತೆ 36,000 ತೆರಿಗೆ ಎಂದು ಬಿಲ್ಲು ಕೊಟ್ಟಾಯಿತು. ಕಬ್ಬಿಣ, ಶೀಟು ಖರೀದಿಸುವಾಗ 1,20,000ಕ್ಕೆ ಕೊಟ್ಟ ತೆರಿಗೆ 21,600. ಅದನ್ನು ಕಳೆದರೆ ಸರಕಾರಕ್ಕೆ ಕಟ್ಟಬೇಕಾದದ್ದು 14,400 ರೂ.

ಕಂಟ್ರಾಕ್ಟರ ಏನನ್ನುತ್ತಾನೆ? "ಚೌತಿ ಕಳೀಲಿ, ಕೊಡುವ." ಸರಕಾರ ಏನನ್ನುತ್ತದೆ? ಬಿಲ್ಲು ಕೊಟ್ಟೆಯಲ್ಲ, 22ಕ್ಕೆ ತೆರಿಗೆ ಇಡು! ತೆರಿಗೆ ಹುಟ್ಟುವುದು ಬಿಲ್ಲಿನ ತಾರೀಕಿಗೆ, ದುಡ್ಡು ಕೈಗೆ ಬಂದ ತಾರೀಕಿಗಲ್ಲ. ಇನ್ನೂ ಒಂದು ಕೊಕ್ಕೆಯಿದೆ. ಪೂರ್ತಿ ತೆರಿಗೆ ಕಟ್ಟದ ಹೊರತು 3ಬಿ ರಿಟರ್ನನ್ನು ಪೋರ್ಟಲ್ ತೆಗೆದುಕೊಳ್ಳುವುದೇ ಇಲ್ಲ. ಲೆಕ್ಕ ಸರಿಯಿದೆ, ಹಣ ಮಾತ್ರ ಇಲ್ಲ ಎನ್ನುವವನೂ, ಲೆಕ್ಕವೇ ಬರೆಯದವನೂ ಪೋರ್ಟಲಿನ ಕಣ್ಣಿಗೆ ಒಂದೇ.

ಈ ವೆಲ್ಡಿಂಗ್ ಶಾಪಿನವರು 20 ದಿನ ತಡಮಾಡಿದರು ಎನ್ನೋಣ. ವರ್ಷಕ್ಕೆ ಶೇ. 18ರಂತೆ ಬಡ್ಡಿ ಸುಮಾರು 142 ರೂ. ತಡ ಶುಲ್ಕ 1,000 ರೂ. ಬಡ್ಡಿಯ ಏಳು ಪಟ್ಟು! 14 ಲಕ್ಷ ತೆರಿಗೆ ಕಟ್ಟುವ ದೊಡ್ಡ ಕಂಪೆನಿ ಅಷ್ಟೇ ದಿನ ತಡಮಾಡಿದರೂ ತಡ ಶುಲ್ಕ ಅದೇ ಸಾವಿರ. 2021ರ ಜೂನ್‌ನಿಂದ ಇದಕ್ಕೊಂದು ಮಿತಿ ಹಾಕಿದ್ದಾರೆ ನಿಜ. ಒಂದೂವರೆ ಕೋಟಿ ವಹಿವಾಟಿನ ತನಕ ಒಂದು ರಿಟರ್ನಿಗೆ 2,000 ರೂ. ಮೀರುವಂತಿಲ್ಲ. ಆದರೆ ಆ 2,000 ತಲುಪಲು ಬೇಕಾದದ್ದು ಬರೀ 40 ದಿನ.

ಶುಲ್ಕ ಕಟ್ಟಿ ಕೈತೊಳೆದುಕೊಳ್ಳೋಣವೆಂದರೆ ಅದೂ ಆಗದು. 2022ರ ಜನವರಿಯಿಂದ, ಮಾರಿದವ ತನ್ನ ಬಿಲ್ಲುಗಳ ಪಟ್ಟಿ ಹಾಕದಿದ್ದರೆ ಕೊಂಡವನಿಗೆ ಆ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ. ಸಣ್ಣವನು 13ನೇ ತಾರೀಕು ತಪ್ಪಿಸಿದರೆ 14ಕ್ಕೆ ಕಂಟ್ರಾಕ್ಟರನ ಫೋನು ಬರುತ್ತದೆ. ಎರಡು ಸಲ ಹೀಗಾದರೆ ಮೂರನೇ ಸಲ ಆ ಕೆಲಸ ಮಂಗಳೂರಿನ ದೊಡ್ಡ ಅಂಗಡಿಗೆ ಹೋಗುತ್ತದೆ. ಸಣ್ಣ ವ್ಯಾಪಾರಿ ನಿಜವಾಗಿ ಸೋಲುವುದು ಇಲ್ಲಿ. ದಂಡ ಕಟ್ಟಿದರೆ ಮುಗಿಯಿತು, ಹೋದ ಗಿರಾಕಿ ಮರಳುವುದಿಲ್ಲ.

ಮಲ್ಲಿಗೆ ಅಟ್ಟೆಗೂ ಲೆಕ್ಕ ಬೇಕು

"ನಮಗೆ ಜಿಎಸ್‌ಟಿಯೇ ಇಲ್ಲ, ನಮಗೇಕೆ ಗಡುವು?" ಎನ್ನುವವರು ಕಾಪು ಕಡೆ ಬಹಳ. ಮಾತು ಅರ್ಧ ಸರಿ. ಶಂಕರಪುರ ಮಲ್ಲಿಗೆ, ಮಟ್ಟುಗುಳ್ಳ, ಹಸಿ ಮೀನು, ತೆಂಗಿನಕಾಯಿ ಇವಕ್ಕೆ ತೆರಿಗೆಯಿಲ್ಲ. ಇಂಥವನ್ನು ಮಾತ್ರ ಮಾರುವವರು ಎಷ್ಟೇ ಮಾರಿದರೂ ನೋಂದಣಿ ಬೇಡ. ಆದರೆ ಅದೇ ಅಂಗಡಿಯಲ್ಲಿ ಊದುಬತ್ತಿ, ತಂಪು ಪಾನೀಯವೂ ಇದ್ದರೆ ಕತೆ ಬೇರೆ. ಆಗ ತೆರಿಗೆಯಿಲ್ಲದ ಹೂವಿನ ಮಾರಾಟವೂ ಒಟ್ಟು ವಹಿವಾಟಿನ ಲೆಕ್ಕಕ್ಕೆ ಸೇರುತ್ತದೆ. ಒಟ್ಟು 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ತೆರಿಗೆ ಮಾತ್ರ ಊದುಬತ್ತಿ, ಪಾನೀಯಕ್ಕಷ್ಟೆ.

40 ಲಕ್ಷವೆಂದರೆ ದಿನಕ್ಕೆ ಸುಮಾರು 11,000. ಹೋಟೆಲು ಸೇವೆಯ ಲೆಕ್ಕಕ್ಕೆ ಬರುವುದರಿಂದ ಅದಕ್ಕೆ 20 ಲಕ್ಷವೇ ಮಿತಿ, ಅಂದರೆ ದಿನಕ್ಕೆ 5,500. ರಥಬೀದಿಯ ಸುತ್ತಮುತ್ತ ಚಾ-ತಿಂಡಿ ಮಾರುವವರಿಗೆ ಇದೇನು ದೊಡ್ಡ ಮೊತ್ತವಲ್ಲ.

ಲೆಕ್ಕವಿಲ್ಲದಿದ್ದರೆ ಏನಾಗುತ್ತದೆಂದು 2025ರ ಆಟಿ ತೋರಿಸಿಕೊಟ್ಟಿತು. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಯುಪಿಐ ಮೂಲಕ ಬಂದ ಹಣದ ವಿವರ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿನ ಮೇಲೆ 29 ಲಕ್ಷದ ನೋಟೀಸು! ತರಕಾರಿಗೆ ತೆರಿಗೆಯೇ ಇಲ್ಲ. ಆದರೆ ಮೊಬೈಲಿಗೆ ಬಿದ್ದ ದುಡ್ಡು ಬದನೆಯದ್ದೋ ಬಿಸ್ಕತ್ತಿನದ್ದೋ ಎಂದು ಯುಪಿಐ ಹೇಳುವುದಿಲ್ಲ, ಪುಸ್ತಕ ಹೇಳಬೇಕು. ಗಲಾಟೆ ಎದ್ದ ಮೇಲೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಸಭೆ ಕರೆದು, ಹಳೆಯ ಬಾಕಿಗೆ ಕೈ ಹಾಕುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದರು. ಬೀಸುವ ದೊಣ್ಣೆ ತಪ್ಪಿತು. ಪುಸ್ತಕ ಬರೆಯಲು ಶುರುಮಾಡಿದವರೆಷ್ಟು ಮಂದಿ?

ಮಣಿಪಾಲದ ಕತೆ ಇನ್ನೊಂದು ಬಗೆ. ಅಲ್ಲಿ ಝೆರಾಕ್ಸ್ ಅಂಗಡಿ, ಕ್ಯಾಂಟೀನು, ಲಾಂಡ್ರಿ ಎಲ್ಲವೂ ವಿದ್ಯಾರ್ಥಿಗಳನ್ನೇ ನಂಬಿದವು. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಹಾಸ್ಟೆಲುಗಳು ಬರಿದಾದಾಗ ವ್ಯಾಪಾರವೂ ನಿಂತಿತು. ಇಂಥಲ್ಲಿ ಶಟರ್ ಎಳೆದು ಬೀಗ ಹಾಕಿದರೆ ಎಲ್ಲ ಮುಗಿಯಿತೆಂದು ತಿಳಿಯುವುದೇ ತಪ್ಪು. ವ್ಯಾಪಾರವಿಲ್ಲದಿದ್ದರೂ ಸೊನ್ನೆ ರಿಟರ್ನ್ ಹಾಕಲೇಬೇಕು. ತಪ್ಪಿದರೆ ದಿನಕ್ಕೆ 20ರಂತೆ, ಒಂದು ರಿಟರ್ನಿಗೆ 500ರ ತನಕ ಶುಲ್ಕ. ಸೊನ್ನೆ ರಿಟರ್ನಿಗೆ ಕಂಪ್ಯೂಟರೂ ಬೇಡ. 2020ರ ಜೂನ್‌ನಿಂದ 14409ಕ್ಕೆ ಎಸ್‌ಎಂಎಸ್ ಕಳಿಸಿದರೂ ಆಗುತ್ತದೆ. ಅಂಗಡಿಯನ್ನೇ ಮುಚ್ಚುವುದಾದರೆ ನೋಂದಣಿ ರದ್ದಿಗೆ ಅರ್ಜಿ ಹಾಕಿ, ರದ್ದಾದ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಕೊಟ್ಟರೇ ಮುಕ್ತಿ.

ಮುಂದೂಡಿಕೆಯ ಆಟ

"ಮುಂದೆ ಹಾಕ್ತಾರಂತೆ" ಎಂಬ ಆಸೆ ಅಂಗಡಿಯವರಿಗೆ ಎಲ್ಲಿಂದ ಬಂತು? ಸರಕಾರವೇ ಕಲಿಸಿದ್ದು. 2025ರ ಜನವರಿಯಲ್ಲಿ ಜಿಎಸ್‌ಟಿ ಪೋರ್ಟಲ್ ಕೈಕೊಟ್ಟಿತು. 11ಕ್ಕೆ ಗಡುವು, 10ನೇ ತಾರೀಕು ಎರಡು ದಿನ ಮುಂದೆ ಹಾಕಿದರು. ಅದೇ ವರ್ಷ ಆದಾಯ ತೆರಿಗೆ ರಿಟರ್ನಿನ ಜುಲೈ 31ರ ಗಡುವು ಸೆಪ್ಟೆಂಬರ್ 15ಕ್ಕೆ ಹೋಯಿತು. ಆ ದಿನ ನಡುರಾತ್ರಿಯ ಹೊತ್ತಿಗೆ ಇನ್ನೊಂದು ದಿನ ಸಿಕ್ಕಿತು. ಅಕ್ಟೋಬರ್ 20 ದೀಪಾವಳಿಯೆಂದು, ಎರಡು ದಿನ ಇರುವಾಗ ಜಿಎಸ್‌ಟಿ ಗಡುವನ್ನು 25ಕ್ಕೆ ಒಯ್ದರು. 2021ರಲ್ಲಂತೂ ಹಿಂದಿನ ನಾಲ್ಕು ವರ್ಷದ ರಿಟರ್ನ್ ಬಾಕಿಯವರಿಗೆ ತಡ ಶುಲ್ಕದಲ್ಲಿ ದೊಡ್ಡ ರಿಯಾಯಿತಿ. ಸಾಲ ಮಾಡಿ, ಹೆಂಡತಿಯ ಬಳೆ ಅಡವಿಟ್ಟು ಸಮಯಕ್ಕೆ ಸರಿಯಾಗಿ ಕಟ್ಟಿದವನಿಗೆ ಸಿಕ್ಕಿದ್ದೇನು? ಬೆನ್ನು ತಟ್ಟಿದವರೂ ಇಲ್ಲ!

ದೀಪಾವಳಿಗೆ ಐದು ದಿನ ಕೊಡಬಹುದಾದರೆ ಕರಾವಳಿಯ ಮಳೆಗೇಕೆ ಕೊಡಬಾರದು? ಎರಡು ವರ್ಷಕ್ಕೊಮ್ಮೆ ಉಡುಪಿ ಪರ್ಯಾಯ ಬರುತ್ತದೆ. 2024ರಲ್ಲೂ 2026ರಲ್ಲೂ ಅದು ನಡೆದದ್ದು ಜನವರಿ 18ರಂದು. ರಾಜಿ ತೆರಿಗೆಯವರು ಅಕ್ಟೋಬರ್-ಡಿಸೆಂಬರ್ ತೆರಿಗೆ ಕಟ್ಟುವ ಕೊನೆಯ ದಿನವೂ ಅದೇ ಜನವರಿ 18! ರಥಬೀದಿಯ ಹೋಟೆಲಿನವ ಇಡ್ಲಿ ಕೊಡುವುದೋ, ಚಲನ್ ತುಂಬುವುದೋ? ಅದೇ ತಿಂಗಳು ಕಾರ್ಕಳದ ಅತ್ತೂರು ಜಾತ್ರೆಯ ಗೌಜಿ ಬೇರೆ.

ಎರಡಾಣೆಯ ಪಾಠ

ಹಾಗೆಂದು ಎಲ್ಲ ತಪ್ಪನ್ನೂ ದಿಲ್ಲಿಯ ತಲೆಗೆ ಕಟ್ಟಿದರೆ ನ್ಯಾಯವಲ್ಲ. ಗಿರಾಕಿಯಿಂದ ವಸೂಲು ಮಾಡಿದ ತೆರಿಗೆ ಅಂಗಡಿಯವನ ದುಡ್ಡಲ್ಲ. ಅದು ಅವನ ಗಲ್ಲಾಪೆಟ್ಟಿಗೆಯಲ್ಲಿ ನಾಲ್ಕು ದಿನ ತಂಗಿದ ಪರರ ಸೊತ್ತು. ಅದನ್ನು ಚೀಟಿಯ ಕಂತಿಗೋ ಮಗನ ಬೈಕಿಗೋ ತಿರುಗಿಸಿ, 21ನೇ ತಾರೀಕು ಕೈಕೈ ಹಿಸುಕಿದರೆ ಯಾರೇನು ಮಾಡಲಾದೀತು? ಗಡುವು ತಪ್ಪುವುದು 22ಕ್ಕಲ್ಲ. ಬಿಲ್ಲನ್ನು ಚೀಲಕ್ಕೆ ತುರುಕಿದ ಮೊದಲ ದಿನವೇ ತಪ್ಪಿರುತ್ತದೆ. ಹೊಳೆಗೆ ಸುರಿದರೂ ಅಳೆದು ಸುರಿ ಎಂದವರು ದಡ್ಡರಲ್ಲ.

ಲೆಕ್ಕವನ್ನು ಈ ಜಿಲ್ಲೆಗೆ ಹೊರಗಿನವರು ಕಲಿಸಬೇಕೇ? 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು ಹುಟ್ಟಿದ್ದು ಉಡುಪಿಯಲ್ಲಿ. 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ್ದೂ ಉಡುಪಿಯಲ್ಲಿ. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೇ ಬಂದು ಸಂಗ್ರಹಿಸಿತು. 2020ರ ಏಪ್ರಿಲ್ 1ರಂದು ಎರಡೂ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಪಿಗ್ಮಿ ಮಾತ್ರ ಸಹಕಾರಿ ಸಂಘಗಳಲ್ಲಿ ಇನ್ನೂ ನಡೆದಿದೆ. ಹಿಂದಿನ ಮೂರು ತಿಂಗಳಿಗೆ 18,000 ತೆರಿಗೆ ಬಂದಿದ್ದರೆ ದಿನಕ್ಕೆ 200 ರೂ. ತೆರಿಗೆಯ ಹೆಸರಿನಲ್ಲೇ ಪಿಗ್ಮಿಗೆ ಹಾಕಿ. ತ್ರೈಮಾಸಿಕದವರು ಮೊದಲ ಎರಡು ತಿಂಗಳ ತೆರಿಗೆಯನ್ನು ಆಯಾ ಮುಂದಿನ ತಿಂಗಳ 25ನೇ ತಾರೀಕಿನೊಳಗೆ ಕಟ್ಟಬೇಕು; ಅದಕ್ಕೆ ಹಿಂದಿನ ತ್ರೈಮಾಸಿಕದಲ್ಲಿ ನಗದಾಗಿ ಕಟ್ಟಿದ್ದರ ಶೇ. 35ರಷ್ಟನ್ನು ಪ್ರತಿ ಸಲ ಕಟ್ಟುವ ಅವಕಾಶವೂ ಇದೆ. ಹೀಗೆ ಮಾಡಿದರೆ ಕೊನೆಗೆ ಉಳಿಯುವ ಹೊರೆ ಕಮ್ಮಿ. ರಾತ್ರಿ ಶಟರ್ ಎಳೆಯುವ ಮುಂಚೆ ಹತ್ತು ನಿಮಿಷ ಆ ದಿನದ ಬಿಲ್ಲು ಬರೆದಿಟ್ಟರೆ ಸಲಹೆಗಾರರ ಕಾಲು ಹಿಡಿಯುವ ಪ್ರಮೇಯವೂ ಇಲ್ಲ.

ಇಷ್ಟು ವರ್ತಕರ ಪಾಲು. ಸರಕಾರದ ಪಾಲು ಮೂರೇ ಮೂರು. ತಡ ಶುಲ್ಕ ತೆರಿಗೆಯ ಮೊತ್ತಕ್ಕೆ ತಕ್ಕಂತಿರಲಿ. ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯಕ್ಕೂ ಒಂದು ಕುರ್ಚಿಯಿದೆ, ಅಲ್ಲಿ ಈ ಮಾತೆತ್ತಲಿ. ಗಡುವು ಮುಂದೂಡುವುದಿದ್ದರೆ ವಾರಕ್ಕೆ ಮೊದಲೇ ಹೇಳಲಿ, ನಡುರಾತ್ರಿ ಬೇಡ. ಮೂರು ತಿಂಗಳಿಗೊಮ್ಮೆ, 13ಕ್ಕೆ ಮೊದಲು ಒಂದು ದಿನ, ಕಾಪು ಮತ್ತು ಕಾರ್ಕಳದ ಪುರಸಭೆಯಲ್ಲಿ ಇಲಾಖೆಯವರೇ ಕೂತು ಸಣ್ಣವರ ಲೆಕ್ಕಕ್ಕೆ ಕನ್ನಡದಲ್ಲಿ ದಾರಿ ತೋರಿಸಲಿ. ನೋಟೀಸು ಹಿಡಿದು ಅಂಗಡಿಗೆ ಬರಬಲ್ಲ ಇಲಾಖೆಗೆ, ನೆರವು ಹಿಡಿದು ಪುರಸಭೆಯ ತನಕ ಬರುವುದು ಕಷ್ಟವೇ?

ಮಳೆಗಾಲ ಪ್ರತಿ ವರ್ಷ ಬರುತ್ತದೆ, 22ನೇ ತಾರೀಕೂ ಬರುತ್ತದೆ. ಅಂಗಡಿಯವರು ಪುಸ್ತಕ ತೆರೆಯಲಿ, ಇಲಾಖೆಯವರು ಕಣ್ಣು ತೆರೆಯಲಿ. ಸಂಬಂಧಪಟ್ಟವರು ಗಮನಿಸುವರೇ?