ರಾಕ್ಷಸರು ಯಾರು?

ವಿದ್ಯಾವಂತರ ಮನೆಗಳಲ್ಲಿ ಈಚೆಗೆ ಒಂದು ದೂರು ಪದೇ ಪದೇ ಕೇಳಿಬರುತ್ತಿದೆ. ಬೆಳೆದ ಹುಡುಗರು ರಾತ್ರಿಯೆಲ್ಲ ಕುಳಿತು ಜಪಾನಿನ ‘ಅನಿಮೆ’ ಎಂಬ ಚಿತ್ರಮಾಲೆಗಳನ್ನು ನೋಡುತ್ತಾರೆ. ಅವುಗಳಲ್ಲಿ ಮನುಷ್ಯರು ನೋಡನೋಡುತ್ತಿರುವಂತೆಯೇ ಕೋರೆದಾಡೆಯ ರಾಕ್ಷಸರಾಗಿ ಮಾರ್ಪಡುತ್ತಾರೆ. ರಕ್ತವು ಹೊಳೆಯಾಗಿ ಹರಿಯುತ್ತದೆ. ಇಂಥದನ್ನು ನೋಡಿದವರ ಮನಸ್ಸು ಕೆಡದೆ ಇದ್ದೀತೆ ಎಂಬುದೇ ಆ ದೂರು. ದೂರುವವರು ಸಜ್ಜನರು, ಮಕ್ಕಳ ಹಿತವನ್ನು ಬಯಸುವವರು. ಆದರೆ ಅವರಲ್ಲಿ ಬಹುಮಂದಿ ತಾವು ದೂರುವ ವಸ್ತುವನ್ನು ಒಂದು ಗಳಿಗೆಯಾದರೂ ನೆಟ್ಟಗೆ ನೋಡಿದವರಲ್ಲ. ಬಾಗಿಲ ಸಂದಿನಿಂದ ಕಂಡ ಒಂದು ದೃಶ್ಯ, ನೆರೆಮನೆಯವರಾಡಿದ ಒಂದು ಮಾತು, ಇಷ್ಟರ ಮೇಲೆಯೇ ತೀರ್ಪು ಸಿದ್ಧವಾಗಿಬಿಡುತ್ತದೆ. ಕಾಣದೆ ಕೇಳಿ ತೀರ್ಪು ಕೊಡುವ ಈ ಬುದ್ಧಿಯೇ ಅಂಥ ಕಥೆಗಳಲ್ಲಿ ಉತ್ತಮವಾದುದರ ವಸ್ತುವೆಂದು ತಿಳಿದರೆ ಅವರಿಗೆ ಆಶ್ಚರ್ಯವಾದೀತು.

‘ಡೆವಿಲ್‌ಮನ್’ ಎಂಬ ಕಥೆಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ೧೯೪೫ರ ಸೆಪ್ಟೆಂಬರಿನಲ್ಲಿ, ಮಹಾಯುದ್ಧವು ಮುಗಿದ ದಿನಗಳಲ್ಲಿಯೇ ಹುಟ್ಟಿದ ಗೋ ನಾಗಾಯಿ ಎಂಬ ಚಿತ್ರಕಾರರು ೧೯೭೨-೭೩ರಲ್ಲಿ ಇದನ್ನು ‘ಮಾಂಗಾ’ ಎಂದು ಕರೆಯುವ ಚಿತ್ರಕಥೆಯ ರೂಪದಲ್ಲಿ ವಾರಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಮಸಾಆಕಿ ಯುವಾಸ ಅವರು ನಿರ್ದೇಶಿಸಿದ ೧೦ ಭಾಗಗಳ ‘ಡೆವಿಲ್‌ಮನ್ ಕ್ರೈಬೇಬಿ’ ಎಂಬ ಚಿತ್ರಮಾಲೆಯಾಗಿ ಅದು ೨೦೧೮ರ ಜನವರಿಯಲ್ಲಿ ನೆಟ್‌ಫ್ಲಿಕ್ಸಿನ ಮೂಲಕ ಲೋಕಕ್ಕೆಲ್ಲ ತಲುಪಿತು.

ಕಥಾನಾಯಕನಾದ ಅಕಿರಾ ಮೃದುಸ್ವಭಾವದ ಹುಡುಗ. ಪರರ ನೋವನ್ನು ಕಂಡರೆ ಕಣ್ಣೀರಿಡುವವನು. ‘ಅಳುಬುರುಕ’ ಎಂಬರ್ಥದ ಹೆಸರು ಚಿತ್ರಮಾಲೆಗೆ ಬಂದುದು ಅವನಿಂದಲೇ. ಬಾಲ್ಯಸ್ನೇಹಿತನಾದ ರ್ಯೋ ಎಂಬವನ ಮಾತಿಗೆ ಒಳಪಟ್ಟು ಅವನು ಅಮೋನ್ ಎಂಬ ಪಿಶಾಚವನ್ನು ತನ್ನ ದೇಹದಲ್ಲಿ ತಾಳುತ್ತಾನೆ. ಅವನ ರೂಪು ಮಾರ್ಪಡುತ್ತದೆ, ಹಸಿವು ಮಾರ್ಪಡುತ್ತದೆ, ಬಲವು ನೂರ್ಮಡಿಯಾಗುತ್ತದೆ. ಆದರೆ ಕಣ್ಣೀರು ಮಾತ್ರ ಬತ್ತುವುದಿಲ್ಲ. ಇಲ್ಲಿಯವರೆಗೆ ಕಥೆ ಭೀಭತ್ಸವೇ ಹೊರತು ಅಪೂರ್ವವಲ್ಲ. ಅದರ ತಿರುಳು ಇರುವುದು ಮುಂದಿನ ಭಾಗದಲ್ಲಿ.

ಅಕಿರಾ ರೂಪಾಂತರ ಹೊಂದುವ ದೃಶ್ಯವನ್ನು ರ್ಯೋ ದೂರದರ್ಶನದಲ್ಲಿ ಲೋಕಕ್ಕೆ ತೋರಿಸುತ್ತಾನೆ. ಮನುಷ್ಯರು ಪಿಶಾಚಗಳಾಗಬಲ್ಲರೆಂಬ ಸುದ್ದಿ ಹಬ್ಬಿದ ಮೇಲೆ ನೆರೆಯವನು ನೆರೆಯವನನ್ನು ನಂಬದಾಗುತ್ತಾನೆ. ಸಂದೇಹಕ್ಕೆ ಸಿಕ್ಕವರನ್ನು ಕಟ್ಟಿ ಕಲ್ಲೆಸೆಯುತ್ತಾರೆ. ಅಕಿರಾ ಆ ಕಲ್ಲುಗಳಿಗೆ ತನ್ನ ಮೈಯನ್ನು ಅಡ್ಡವೊಡ್ಡಿ ನಿಲ್ಲುತ್ತಾನೆ. ಅವನು ಆಶ್ರಯ ಪಡೆದಿದ್ದ ಮನೆಯ ಹುಡುಗಿಯಾದ ಮಿಕಿ, ಅವನ ಹೃದಯವು ಮನುಷ್ಯನದೇ ಎಂದು ಎಲ್ಲರೂ ಓದುವಂತೆ ಬರೆಯುತ್ತಾಳೆ. ಅವಳನ್ನು ಕೊಲ್ಲುವುದಕ್ಕೆ ಪಿಶಾಚವೊಂದೂ ಬರುವುದಿಲ್ಲ. ಕೈಗೆ ಸಿಕ್ಕ ಆಯುಧವನ್ನು ಹಿಡಿದು ಬಂದ ಊರಿನ ಜನರೇ ಅವಳನ್ನು ಕೊಲ್ಲುತ್ತಾರೆ. ಕೋರೆಯಾಗಲಿ ರೆಕ್ಕೆಯಾಗಲಿ ಅವರಿಗೆ ಮೂಡಿರಲಿಲ್ಲ. ಕಥೆಯಲ್ಲೆಲ್ಲ ಅತ್ಯಂತ ಘೋರವಾದ ರೂಪಾಂತರವು ಇದು; ಇದನ್ನು ತೋರಿಸುವುದಕ್ಕೆ ಚಿತ್ರಕಾರನು ಒಂದು ಮುಖವನ್ನೂ ವಿಕಾರಗೊಳಿಸಬೇಕಾಗಲಿಲ್ಲ.

ನಾಗಾಯಿಯವರು ಇದನ್ನು ಯುದ್ಧವಿರೋಧಿಯಾದ ಕೃತಿಯೆಂದೇ ಕರೆದಿರುವರು. ಮನುಷ್ಯನು ಪಿಶಾಚದೊಡನೆ ಒಂದಾಗುವುದು ಯುದ್ಧಕ್ಕಾಗಿ ಅವನು ಆಯುಧವನ್ನು ಹಿಡಿಯುವುದರ ಸಂಕೇತವೆಂದೂ, ಮಿಕಿಯ ಮರಣವು ಶಾಂತಿಯ ಮರಣವೆಂದೂ ಅವರ ಅಭಿಪ್ರಾಯ. ಇದು ಬರಿಯ ಕಲ್ಪನೆಯೆಂದು ತಳ್ಳುವವರು ಆ ದೇಶದ ಚರಿತ್ರೆಯ ಒಂದು ಪುಟವನ್ನು ತೆರೆದು ನೋಡಬೇಕು. ೧೯೨೩ನೆಯ ಸೆಪ್ಟೆಂಬರ್ ೧ರಂದು ಭೂಕಂಪವೂ ಅದರ ಹಿಂದೆ ಎದ್ದ ಬೆಂಕಿಯೂ ಟೋಕಿಯೋ, ಯೊಕೊಹಾಮಾ ನಗರಗಳನ್ನು ಹಾಳುಮಾಡಿದುವು. ಕೊರಿಯಾದವರು ಬಾವಿಗಳಿಗೆ ವಿಷ ಬೆರೆಸುತ್ತಿರುವರೆಂಬ ಗಾಳಿಮಾತು ಆ ಬೆಂಕಿಗಿಂತ ವೇಗವಾಗಿ ಹಬ್ಬಿತು. ಊರೂರಿನಲ್ಲಿ ಕಾವಲುಗುಂಪುಗಳು ಎದ್ದುವು. ದಾರಿಹೋಕರನ್ನು ತಡೆದು, ‘ಹದಿನೈದು ಯೆನ್ ಐವತ್ತು ಸೆನ್’ ಎಂಬ ಮಾತನ್ನು ಜಪಾನೀ ಭಾಷೆಯಲ್ಲಿ ಹೇಳಿಸಿ, ಉಚ್ಚಾರಣೆ ತಪ್ಪಿದವರನ್ನು ಕೊಂದರು. ಸಾವಿರಾರು ಕೊರಿಯನರು ಹೀಗೆ ಹತರಾದರು. ಅದೇ ತಿಂಗಳ ೬ರಂದು ಚಿಬಾ ಪ್ರಾಂತದ ಫುಕುದಾ ಗ್ರಾಮದಲ್ಲಿ, ಕಗಾವಾ ಸೀಮೆಯಿಂದ ಔಷಧ ಮಾರಲು ಬಂದಿದ್ದ ೧೫ ಮಂದಿಯಲ್ಲಿ ೯ ಮಂದಿಯನ್ನು ಕೊಂದರು. ಅವರಲ್ಲಿ ಮಕ್ಕಳಿದ್ದರು, ಒಬ್ಬ ಗರ್ಭಿಣಿಯಿದ್ದಳು. ಅವರೆಲ್ಲರೂ ಜಪಾನೀಯರೇ. ಅವರ ಸೀಮೆಯ ನುಡಿ ಆ ಊರಿನವರ ಕಿವಿಗೆ ಬೇರೆಯಾಗಿ ಕೇಳಿಸಿತೆಂಬುದಷ್ಟೇ ಅವರ ಅಪರಾಧ. ಇಂಥದನ್ನು ಕಂಡ ನಾಡಿನಲ್ಲಿ ಡೆವಿಲ್‌ಮನ್ ಕಥೆ ಹುಟ್ಟಿದುದು ವಿಕಾರಬುದ್ಧಿಯಿಂದ ಎನ್ನುವುದು ನ್ಯಾಯವಲ್ಲ.

ಇನ್ನು ಆಕ್ಷೇಪಣೆಗಳನ್ನು ಪರಿಶೀಲಿಸಬಹುದು. ಇದು ಪರದೇಶದ ಅಭಿರುಚಿ, ಈ ನಾಡಿನ ಸಂಸ್ಕಾರಕ್ಕೆ ಒಗ್ಗದುದು ಎಂಬುದು ಮೊದಲನೆಯದು. ಹೀಗೆನ್ನುವವರು ಮಹಾಭಾರತದ ಆದಿಪರ್ವದ ಕಲ್ಮಾಷಪಾದನನ್ನು ಮರೆತಿರಬೇಕು. ಇಕ್ಕಟ್ಟಾದ ಕಾಡುದಾರಿಯಲ್ಲಿ ಎದುರಾದ ವಸಿಷ್ಠಪುತ್ರ ಶಕ್ತಿಗೆ ದಾರಿ ಬಿಡಲೊಲ್ಲದೆ ಆ ಅರಸನು ಅವನನ್ನು ಚಾವಟಿಯಿಂದ ಹೊಡೆದನು. ನರಮಾಂಸವನ್ನು ತಿನ್ನುವವನಾಗೆಂಬ ಶಾಪವನ್ನು ಪಡೆದು, ಶಪಿಸಿದವನನ್ನೇ ಮೊದಲು ತಿಂದನು. ಚಾವಟಿಯನ್ನೆತ್ತಿದಾಗಲೇ ಅವನ ರಾಕ್ಷಸತ್ವವು ಆರಂಭವಾಗಿತ್ತು. ಶಾಪವು ಅದಕ್ಕೆ ಮೈಕೊಟ್ಟಿತು. ಅಜ್ಜಿಯ ಬಾಯಿಂದ ಬಂದಾಗ ಪುಣ್ಯಕಥೆಯಾದುದು ಜಪಾನಿನಿಂದ ಬಂದಾಗ ಪಾಪವಾಗುವುದು ಹೇಗೆ?

ಬರೆದ ಚಿತ್ರಗಳೆಂದರೆ ಮಕ್ಕಳ ಆಟಿಕೆ, ಆಟಿಕೆಯಲ್ಲಿ ಇಷ್ಟು ಕ್ರೌರ್ಯ ಕೂಡದೆಂಬುದು ಎರಡನೆಯದು. ಇದರ ಉತ್ತರಾರ್ಧವು ಒಪ್ಪತಕ್ಕದ್ದು, ಪೂರ್ವಾರ್ಧವು ತಪ್ಪು. ಈ ಚಿತ್ರಮಾಲೆಯನ್ನು ಮಾಡಿದುದು ವಯಸ್ಕರಿಗಾಗಿ. ಇದರಲ್ಲಿ ನಗ್ನತೆಯಿದೆ, ಮೊದಲ ಭಾಗಗಳಲ್ಲಿ ರಕ್ತಪಾತವು ಅತಿಯಾಗಿದೆ. ಆ ಅತಿರೇಕಕ್ಕೆ ಹೇಸಿ ಎದ್ದುಹೋದವರಿಗೆ ತಿರುಳು ಸಿಕ್ಕದೆಹೋಗುವುದು ಕೃತಿಯ ನಿಜವಾದ ದೋಷವೇ ಸರಿ. ಚಿಕ್ಕ ಮಕ್ಕಳ ಕೈಗೆ ಇದನ್ನು ಕೊಟ್ಟು ಸುಮ್ಮನಿರುವ ತಂದೆತಾಯಿಗಳು ತಪ್ಪಿತಸ್ಥರು. ರಕ್ತವನ್ನಷ್ಟೇ ಸವಿದು ಮಿಕಿಯ ಮರಣಕ್ಕೆ ಮರುಗದ ತರುಣರೂ ತಪ್ಪಿತಸ್ಥರೇ. ಆದರೆ ಓದುಗನ ದೋಷಕ್ಕಾಗಿ ಗ್ರಂಥವನ್ನು ಸುಡುವುದು ಎಲ್ಲಿಯ ವಿವೇಕ?

ಸರಕಾರವೇ ನಿಷೇಧಿಸಲಿ ಎಂಬುದು ಮೂರನೆಯ ಮಾತು. ಚೀನಾ ದೇಶದ ಸಂಸ್ಕೃತಿ ಮಂತ್ರಾಲಯವು ೨೦೧೫ರಲ್ಲಿ ಇಂಥ ೩೮ ಜಪಾನೀ ಕೃತಿಗಳನ್ನು ತಡೆಪಟ್ಟಿಗೆ ಸೇರಿಸಿತು. ಅವುಗಳಲ್ಲಿ ‘ಅಟ್ಯಾಕ್ ಆನ್ ಟೈಟನ್’ ಸಹ ಒಂದು. ದೈತ್ಯರಾಗಿ ಮಾರ್ಪಡಬಲ್ಲ ರಕ್ತವುಳ್ಳವರೆಂಬ ಕಾರಣಕ್ಕೆ ಒಂದು ಜನಾಂಗದವರಿಗೆ ತೋಳುಪಟ್ಟಿ ಕಟ್ಟಿಸಿ ಪ್ರತ್ಯೇಕವಾದ ಕೇರಿಯಲ್ಲಿ ಕೂಡಿಹಾಕುವ ಅನ್ಯಾಯವನ್ನು ಆ ಕಥೆ ಮುಂದೆ ಚಿತ್ರಿಸಿತು. ಅಧಿಕಾರದ ಬಲದಿಂದ ಇಂಥ ಕಥೆಗಳನ್ನು ಮುಚ್ಚಿಡುವವರು ಯುವಕರನ್ನು ಭಯದಿಂದ ಕಾಪಾಡುವುದಿಲ್ಲ. ಭಯವನ್ನು ಗುರುತಿಸುವ ಕಣ್ಣನ್ನೇ ಅವರಿಂದ ಕಸಿದುಕೊಳ್ಳುತ್ತಾರೆ.

ಆ ಕಣ್ಣು ಕನ್ನಡನಾಡಿಗೂ ಬೇಕಾಗಿದೆ. ಈ ಚಿತ್ರಮಾಲೆ ಹೊರಬಂದ ಆರು ತಿಂಗಳಿಗೆ, ೨೦೧೮ರ ಜುಲೈಯಲ್ಲಿ, ಹೈದರಾಬಾದಿನ ಕಡೆಯಿಂದ ಬೀದರ್ ಜಿಲ್ಲೆಗೆ ಬಂದಿದ್ದ ಸ್ನೇಹಿತರ ಗುಂಪೊಂದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಹಂಚಿತು. ಮಕ್ಕಳ ಕಳ್ಳರು ಬಂದರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ವಾಹನಕ್ಕಿಂತ ಮುಂದಾಗಿ ಓಡಿತು. ಮುರ್ಕಿ ಗ್ರಾಮದಲ್ಲಿ ಜನರು ಅವರನ್ನು ಮುತ್ತಿ ಹೊಡೆದರು. ಒಬ್ಬ ತರುಣನು ಸತ್ತನು. ಹೊಡೆದವರು ಹುಟ್ಟುಕೊಲೆಗಡುಕರಲ್ಲ, ತಮ್ಮ ಮಕ್ಕಳನ್ನು ರಕ್ಷಿಸುತ್ತಿರುವೆವೆಂದು ನಂಬಿದ ಸಾಧಾರಣ ಜನರು. ಮಿಕಿಯ ಬಾಗಿಲಿಗೆ ಬಂದವರ ನಂಬಿಕೆಯೂ ಅಂಥದೇ ಆಗಿತ್ತು. ಅವರನ್ನು ಕೆಡಿಸಿದುದು ಯಾವ ಚಿತ್ರವೂ ಅಲ್ಲ, ವಿಚಾರಿಸದೆ ಒಬ್ಬರಿಂದೊಬ್ಬರಿಗೆ ದಾಟಿಸಿದ ಮಾತು. ಅಂಥ ಮಾತನ್ನು ದಾಟಿಸುವ ಯಂತ್ರವು ದೂರುವ ಹಿರಿಯರ ಅಂಗೈಯಲ್ಲಿಯೂ ಇದೆ.

ಆದುದರಿಂದ ಗೃಹಸ್ಥರು ಮಾಡತಕ್ಕ ಕೆಲಸವು ಸ್ಪಷ್ಟವಾಗಿದೆ. ಚಿಕ್ಕವರಿಂದ ಇದನ್ನು ದೂರವಿಡಲಿ. ಪ್ರಾಯಕ್ಕೆ ಬಂದ ಮಗನೋ ಮಗಳೋ ನೋಡುತ್ತಿದ್ದರೆ, ತಾವೂ ಪಕ್ಕದಲ್ಲಿ ಕುಳಿತು ಕೊನೆಯವರೆಗೆ ನೋಡಲಿ. ಪ್ರೀತಿಯೆಂಬುದೇ ಇಲ್ಲವೆನ್ನುತ್ತಿದ್ದ ರ್ಯೋ ಕೊನೆಗೆ ಅಕಿರಾನ ಶವದ ಬಳಿ ಕಣ್ಣೀರಿಡುತ್ತಾನೆ. ಹಾಳಾದ ಭೂಮಿಯ ಮೇಲೆ ಆ ಅಳುವನ್ನು ಕೇಳುವುದಕ್ಕೆ ಮನುಷ್ಯನೊಬ್ಬನೂ ಉಳಿದಿರುವುದಿಲ್ಲ. ಅದನ್ನು ನೋಡಿದ ಮೇಲೆ ಮಕ್ಕಳನ್ನು ಒಂದೇ ಪ್ರಶ್ನೆ ಕೇಳಲಿ: ಕಲ್ಲು ಹಿಡಿದ ಗುಂಪಿನಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ? ಮಕ್ಕಳು ಅದೇ ಪ್ರಶ್ನೆಯನ್ನು ತಿರುಗಿ ಕೇಳಿದಾಗ ಉತ್ತರ ಕೊಡಲು ಹಿರಿಯರೂ ಸಿದ್ಧರಾಗಿರಲಿ.