ಬೀಜೋಪಚಾರಕ್ಕೆ ವಿಷದ ಪುಡಿಯೇ ಬೇಕೆ?



ಮಳೆ ಹದವಾಗಿ ಬಿದ್ದು, ನಾಳೆ ರಾಗಿಗೆ ಕೂರಿಗೆ ಹೂಡಬೇಕು ಎನ್ನುವ ಸಂಜೆ ಗುಬ್ಬಿ, ಕುಣಿಗಲ್ ಸೀಮೆಯ ಅನೇಕ ಮನೆಗಳ ಜಗಲಿಯಲ್ಲಿ ಏನು ನಡೆಯುತ್ತದೆ ಎಂಬುದು ತಮಗೆ ಗೊತ್ತೇ ಇದೆ. ಗೋಣಿತಾಟಿನ ಮೇಲೆ ಬೀಜ ಸುರಿದು, ಶಿಲೀಂಧ್ರನಾಶಕದ ಪುಡಿ ಉದುರಿಸಿ, ಬರಿಗೈಯಲ್ಲಿ ಕಲಸುತ್ತಾರೆ. ಅದೇ ಕೈ ತೊಳೆದೂ ತೊಳೆಯದೆ ಮುದ್ದೆ ಮುರಿಯುತ್ತದೆ. ಬಿತ್ತಿ ಉಳಿದ ಬೀಜ ಕೋಳಿಗೆ ಬೀಳುತ್ತದೆ.

ಬೀಜೋಪಚಾರ ಬೇಡವೆಂದು ನಾನು ಹೇಳುತ್ತಿಲ್ಲ. ರಾಗಿಯ ಬೆಂಕಿ ರೋಗ ಬೀಜದ ಜೊತೆಯಲ್ಲೇ ಹೊಲಕ್ಕೆ ಬರಬಲ್ಲದು. ಶಿರಾ, ಪಾವಗಡದ ಕಡಲೆಕಾಯಿ ಸಸಿಯನ್ನು ಬುಡ ಕೊಳೆ ರೋಗ ಮೊಳಕೆಯಲ್ಲೇ ಕೊಲ್ಲುತ್ತದೆ. ಆದ್ದರಿಂದಲೇ ಕಿಲೋ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಂ ಎಂಬ ಶಿಫಾರಸು ಬಂದಿತು. ಆದರೆ ಔಷಧಿ ಎಂದು ಕರೆದ ಮಾತ್ರಕ್ಕೆ ವಿಷ ವಿಷವಲ್ಲದೆ ಹೋಗುವುದಿಲ್ಲ. 1971-72ರಲ್ಲಿ ಇರಾಕಿನ ರೈತರು ಪಾದರಸದ ಔಷಧಿ ಲೇಪಿಸಿದ ಬಿತ್ತನೆ ಗೋಧಿಯನ್ನು ಬೀಸಿ ರೊಟ್ಟಿ ಮಾಡಿ ತಿಂದರು. ಚೀಲದ ಮೇಲಿನ ಎಚ್ಚರಿಕೆ ಅವರಿಗೆ ತಿಳಿಯದ ಭಾಷೆಯಲ್ಲಿತ್ತು. ಸರಕಾರಿ ಲೆಕ್ಕದಂತೆಯೇ 6,530 ಜನ ಆಸ್ಪತ್ರೆ ಸೇರಿ, 459 ಜನ ಸತ್ತರು. ನಮ್ಮ ಕೇಂದ್ರ ಸರಕಾರವೂ 2020ರಲ್ಲಿ 27 ಕೀಟ, ರೋಗ, ಕಳೆನಾಶಕಗಳನ್ನು ನಿಷೇಧಿಸುವ ಕರಡು ಆದೇಶ ಹೊರಡಿಸಿದಾಗ, ಆ ಪಟ್ಟಿಯಲ್ಲಿ ಥೈರಾಂ, ಕ್ಯಾಪ್ಟಾನ್, ಕಾರ್ಬೆಂಡಜಿಂ ಮೂರೂ ಇದ್ದವು.

ಈಗ ವಿಜ್ಞಾನಿಗಳು 'ತಣ್ಣನೆಯ ಪ್ಲಾಸ್ಮಾ' ಎಂಬ ಇನ್ನೊಂದು ದಾರಿ ತೋರಿಸುತ್ತಿದ್ದಾರೆ. ಗಾಳಿಯ ಮೂಲಕ ವಿದ್ಯುತ್ ಹಾಯಿಸಿದರೆ ಅದರ ಕಣಗಳು ಒಡೆದು ಮಿನುಗುತ್ತವೆ. ಮಿಂಚಿನಲ್ಲಿ, ಟ್ಯೂಬ್‌ಲೈಟಿನಲ್ಲಿ ಕಾಣುವುದು ಇದೇ ಪ್ಲಾಸ್ಮಾ. ಯಂತ್ರದಲ್ಲಿ ಇದನ್ನು ಬೀಜ ಬೇಯದಷ್ಟು ತಣ್ಣಗಿಟ್ಟು, ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳವರೆಗೆ ಬೀಜಕ್ಕೆ ತಾಗಿಸುತ್ತಾರೆ. ಆಗ ಹುಟ್ಟುವ ಓಜೋನ್ ಮುಂತಾದವು ಸಿಪ್ಪೆಯ ಮೇಲಿನ ಶಿಲೀಂಧ್ರವನ್ನು ಕೊಲ್ಲುತ್ತವೆ. ಸಿಪ್ಪೆ ಸೂಕ್ಷ್ಮವಾಗಿ ಸವೆದು ನೀರನ್ನು ಬೇಗ ಹೀರುತ್ತದೆ. ಬೀಜದ ಮೇಲೆ ವಿಷದ ಪುಡಿ ಉಳಿಯುವುದಿಲ್ಲ.

ಹಾಗೆಂದು ಇದು ಸಂಜೀವಿನಿಯಲ್ಲ. ಬೀಜದ ಒಳಗೆ ಅಡಗಿದ ರೋಗಕ್ಕೆ ಇದು ಸುಲಭವಾಗಿ ಮುಟ್ಟದು. ಪುಡಿಯಾದರೆ ಮಣ್ಣಿನಲ್ಲಿಯೂ ಕೆಲವು ದಿನ ಮೊಳಕೆಯನ್ನು ಕಾಯುತ್ತದೆ. ಪ್ಲಾಸ್ಮಾಕ್ಕೆ ಆ ಕಾವಲಿಲ್ಲ. ಹೊತ್ತು ಮೀರಿದರೆ ಮೊಳಕೆಗೇ ಪೆಟ್ಟು. ಗೋಧಿಗೆ ಸರಿಹೋದ ಅಳತೆ ಸಾಸಿವೆಯಷ್ಟು ಸಣ್ಣ ರಾಗಿ ಕಾಳಿಗೂ ಸರಿಹೋಗಬೇಕೆಂಬ ನಿಯಮವಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಈ ಯಂತ್ರ ಮನೆಮನೆಗೆ ಬರುವ ವಸ್ತುವಲ್ಲ. ಬರುವುದಾದರೆ ಬೀಜ ನಿಗಮದ ಸಂಸ್ಕರಣ ಘಟಕಕ್ಕೆ ಬರಲಿ. ಅದಕ್ಕೆ ಮೊದಲು ಕೃಷಿ ವಿಶ್ವವಿದ್ಯಾನಿಲಯದವರು ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ನೆರವು ಪಡೆದು, ನಮ್ಮ ರಾಗಿ, ನಮ್ಮ ಕಡಲೆಕಾಯಿಯ ಮೇಲೆ, ನಮ್ಮ ಕೆಂಪು ಮಣ್ಣಿನಲ್ಲೇ ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲಿ ತಿಳಿಸಲಿ. ಅಲ್ಲಿಯವರೆಗೆ ಯಾವ ಮಾರಾಟಗಾರನ ಮಾತಿಗೂ ಮರುಳಾಗಬೇಡಿ.

ಯಂತ್ರ ಬರುವತನಕ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಬೆಂಕಿ ರೋಗ ತಡೆಯುವ ಜಿಪಿಯು-28ರಂತಹ ತಳಿ ಆರಿಸಿ. ಕಡಲೆಕಾಯಿಗೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ ಲೇಪಿಸಿ ನೆರಳಲ್ಲಿ ಆರಿಸಿ ಬಿತ್ತಿ; ಅದರೊಂದಿಗೆ ರಾಸಾಯನಿಕ ಪುಡಿ ಬೆರೆಸಬೇಡಿ. ಸಂದೇಹವಿದ್ದರೆ ಹಿರೇಹಳ್ಳಿ ಅಥವಾ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಪುಡಿಯನ್ನೇ ಬಳಸಬೇಕಾಗಿ ಬಂದರೆ ಕೈಗೆ ಗವಸು, ಮೂಗಿಗೆ ಬಟ್ಟೆ ಇರಲಿ. ಉಳಿದ ಬೀಜವನ್ನು ಜನರಾಗಲಿ, ದನ ಕೋಳಿಗಳಾಗಲಿ ತಿನ್ನದಂತೆ ನೋಡಿಕೊಳ್ಳಿ.

ಬಿತ್ತಿದಂತೆ ಬೆಳೆ ಎಂಬುದು ಹಿರಿಯರ ಮಾತು. ಬಿತ್ತುವ ಕೈ ಚೆನ್ನಾಗಿದ್ದರೆ ತಾನೇ ಬೆಳೆ?